ನಲವತ್ತೊಂದು ಕ್ಷೌರದ ಕತ್ತಿಗಳ ಕಾಕಾ

ಕೆಳಗಿನ ಮನೆಯ ಕಾಕಾನ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಕೂದಲೆಳೆಯಂಥ ಗೀರುಗಳಿದ್ದವು. ದಿನಾ ಬೆಳಿಗ್ಗೆ ಕ್ಷೌರದ ಕತ್ತಿಯ ಬಾಯನ್ನು ಆ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡುವರು. ಎಲ್ಲಾದರೂ ಒಂದಿಷ್ಟು ತಡೆದರೆ, "ಇನ್ನಾ ಹಲ್ಲು ಅದಾವ ಇದಕ್ಕ" ಎಂದು ಮತ್ತೆ ತೊಗಲಿನ ಪಟ್ಟಿಗೆ ಸವರುವರು. ಆ ಚಟ್‌ಪಟ್ ಸದ್ದಿಗೇ ಮೇಲಿನ ಮನೆಯಲ್ಲಿ ನನಗೆ ಎಚ್ಚರವಾಗುತ್ತಿತ್ತು. ಮದುವೆಯಾಗಿ ಕಲಬುರಗಿಯಿಂದ ನಾಸಿಕಕ್ಕೆ ಬಂದ ಹೊಸತರಲ್ಲಿ ನನಗೆ ಅಲಾರಾಂ ಬೇಕಾಗಲೇ ಇಲ್ಲ.

ಅವರು ಬೀದರ ಕಡೆಯವರು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ಹತಾರಗಳಿಗೆ ಸಾಣೆ ಹಿಡಿದು ನಿವೃತ್ತರಾಗಿದ್ದರು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕು. ಊರಿನ ಸಲೂನುಗಳೆಲ್ಲ ಒಮ್ಮೆ ಬಳಸಿ ಬಿಸಾಡುವ ಬ್ಲೇಡಿಗೆ ಬಂದಾಗ, ಕಾಕಾ ಹಳೆಯ ಕತ್ತಿಗಳನ್ನು ಹುಡುಕಿಕೊಂಡು ತಿರುಗತೊಡಗಿದರಂತೆ. ದಿಂಡೋರಿ, ಮನ್ಮಾಡ್, ಔರಂಗಾಬಾದ್, ಎಲ್ಲಿ ಹೋದರೂ ಮೊದಲು ಮುದಿ ಹಜಾಮನ ಮನೆ ಯಾವುದೆಂದು ಕೇಳುವರು. ಹಾಗೆ ನಲವತ್ತೊಂದು ಕೂಡಿದ್ದವು.

ಒಂದೊಂದನ್ನೂ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಜೊತೆಗೊಂದು ಚೀಟಿ ಇಡುತ್ತಿದ್ದರು. ದುಂಡನೆಯ ಕನ್ನಡ ಅಕ್ಷರ. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಮೇಲಿನ ಗುರುತು ಯಾವುದು. ಇಂಗ್ಲಿಷರ ಕಿರೀಟವಿದ್ದ ಒಂದರ ಚೀಟಿಯಲ್ಲಿ, "ಇದರಿಂದ ಸಾಹೇಬರ ಗಡ್ಡ ಹೆರೆದವರು ನಮ್ಮವರೇ. ಒಬ್ಬರೂ ಕೈ ಜಾರಿಸಲಿಲ್ಲ" ಎಂದಿತ್ತು. ನಾನು ನಕ್ಕಿದ್ದೆ. ಸಾತಪುರದ ಕಾರ್ಖಾನೆಯಲ್ಲಿ ಅಳತೆ ನೋಡಿ ಮಾಲು ಪಾಸು ಮಾಡುವ ಕೆಲಸ ನನ್ನದು. ಹೀಗಾಗಿ ಉಕ್ಕಿನ ಮಾತು ಬಂದರೆ ಇಬ್ಬರಿಗೂ ಊಟದ ನೆನಪಿರುತ್ತಿರಲಿಲ್ಲ.

ನಲವತ್ತೊಂದನೆಯದು ಜರ್ಮನಿಯದು. ಯುದ್ಧದಿಂದ ಮರಳಿದ ಸಿಪಾಯಿಯೊಬ್ಬ ಮನ್ಮಾಡಿನ ಹಜಾಮನಿಗೆ ಕೊಟ್ಟದ್ದಂತೆ. ಅಂಥ ಉಕ್ಕನ್ನು ನಾನು ಕಂಡಿಲ್ಲ. ಆದರೆ ಬುಡದಲ್ಲಿ ರೆಕ್ಕೆ ಬಿಚ್ಚಿದ ಹದ್ದು, ಅದರ ಕಾಲಡಿ ಓರೆಯಾದ ಸ್ವಸ್ತಿಕ. ಅದನ್ನು ಕಾಕಾ ಬೇರೆ ಡಬ್ಬಿಯಲ್ಲಿಡುತ್ತಿದ್ದರು.

"ಆ ಗುರುತು ಅಳಿಸಿಬಿಡ್ರಿ ಕಾಕಾ, ಸಾಣಿ ಹಿಡಿಯೋದು ನಿಮಗೇನು ದೊಡ್ಡ ಮಾತು?" ಎಂದಿದ್ದೆ ಒಮ್ಮೆ.

"ಅಳಿಸಿದ್ರ ಸುಳ್ಳು ಹೇಳಿದಂಗ ಆಗ್ತದ ಯವ್ವಾ. ಮಾಡಿದವನ ಕೈ ಚಲೋ, ಗುರುತು ಕೆಟ್ಟದ್ದು. ಎರಡೂ ಬರದಿಡಬೇಕು."

ಔರಂಗಾಬಾದಿನಿಂದ ಒಬ್ಬ ಸಂಗ್ರಾಹಕ ಅದನ್ನೇ ಕೇಳಿಕೊಂಡು ಬಂದ. ಕೈಗೆ ತೆಗೆದುಕೊಂಡವನು ಬಾಯಿ ನೋಡಲಿಲ್ಲ, ತೂಕ ನೋಡಲಿಲ್ಲ. ಹದ್ದನ್ನು ಬೆರಳಿನಿಂದ ಸವರಿ, ಈ ಗುರುತು ಹಾಕಿಸಿದವನಂಥ ಶಿಸ್ತಿನ ಮನುಷ್ಯ ನಮ್ಮ ದೇಶಕ್ಕೂ ಬೇಕಾಗಿತ್ತು ಎಂದ. ಕಾಕಾ ಕತ್ತಿ ಇಸಿದುಕೊಂಡು ಡಬ್ಬಿ ಮುಚ್ಚಿದರು. "ಚಾ ಕುಡೀರಿ. ಕತ್ತಿ ಕೊಡಂಗಿಲ್ಲ" ಎಂದರು. ಅವನು ಹೋದ ಮೇಲೆ ನನಗೆ ಹೇಳಿದರು: "ನನಗ ಒಂದೇ ಅಂಜಿಕಿ ನೋಡು. ಇದು ಪೂಜಿ ಮಾಡೋರ ಕೈಗೆ ಸಿಗಬಾರದು. ನನ್ನ ಮಗಗ ಕನ್ನಡ ಓದಾಕ ಬರಂಗಿಲ್ಲ. ಚೀಟಿ ಓದೋರು ಯಾರು?"

"ನಾ ಇಲ್ಲೇನ್ರಿ?" ಎಂದೆ.

ಆದರೆ ಪೂಜೆ ನಡೆದದ್ದು ಅವರ ಮನೆಯಲ್ಲೇ. ಮರುವರ್ಷದ ಖಂಡೆನವಮಿ, ಆಯುಧಪೂಜೆಯ ದಿನ. ಕಾಕಾ ನಲವತ್ತು ಕತ್ತಿಗಳನ್ನು ಮಣೆಯ ಮೇಲೆ ಜೋಡಿಸಿಟ್ಟು ಹೂವು ತರಲು ಹೋಗಿದ್ದರು. ಕಾಕು ಡಬ್ಬಿ ತೆರೆದು ನೋಡಿದರು. ಅಯ್ಯ, ಸ್ವಸ್ತಿಕ ಇರುವುದನ್ನೇ ಮರೆತಿದ್ದಾರಲ್ಲ ಎಂದು ಅದನ್ನು ತೆಗೆದು ಎಲ್ಲಕ್ಕಿಂತ ಮುಂದಿಟ್ಟು, ಕುಂಕುಮ ನೀರಲ್ಲಿ ಕಲಸಿ, ಆ ಗುರುತಿನ ಮೇಲೇ ದೊಡ್ಡದೊಂದು ಬೊಟ್ಟಿಟ್ಟರು.

ಕಾಕಾ ಬಂದಾಗ ನಾನೂ ಅಲ್ಲಿದ್ದೆ. ಅವರ ಮುಖ ನೋಡಿದ್ದೇ ನಾನು ಕೂಗಿದೆ.

"ತೆಗದು ಒರಸ್ರಿ ಕಾಕಾ, ಹಸಿ ಅದ, ತುಕ್ಕು ಹಿಡೀತದ!"

"ಪೂಜಿಗಿಟ್ಟ ಹತಾರ ನಾಳಿ ಮುಂಜಾನಿತನಕ ಮುಟ್ಟಂಗಿಲ್ಲ" ಎಂದು ಅವರು ಅಲ್ಲೇ ಕುಳಿತುಬಿಟ್ಟರು. ಆಮೇಲೆ ಮೆಲ್ಲಗೆ, ಬೈಯದೆ, ಕಾಕುವಿಗೆ ಆ ಗುರುತಿನವರು ಮಾಡಿದ್ದನ್ನು ಹೇಳಿದರು. ಒಂದು ಕುಲದವರನ್ನು ಹುಡುಕಿ ಹುಡುಕಿ ಕೊಂದದ್ದು, ಮನೆಮಂದಿಯನ್ನೆಲ್ಲ ರೈಲಿನಲ್ಲಿ ತುಂಬಿ ಒಯ್ದದ್ದು.

"ಕೂಸುಗಳನ್ನೂ?" ಎಂದು ಕೇಳಿದರು ಕಾಕು.

"ಕೂಸುಗಳನ್ನೂ."

ಕಾಕು ಬಾಯಿಗೆ ಸೆರಗು ಹಿಡಿದುಕೊಂಡರು. "ಹಂಗಾದ್ರ ಈ ಕುಂಕುಮ ಆ ಕೂಸುಗಳಿಗೇ ಮುಟ್ಟಲಿ, ಶಿವನೇ" ಎಂದರು.

ಮರುದಿನ ಒರೆಸಿದಾಗ ಹದ್ದಿನ ಮೇಲೆ ಕಂದು ಕಲೆ ಉಳಿದಿತ್ತು. ಒಂದು ಸಾಸಿವೆಯಷ್ಟು ತುಕ್ಕನ್ನೂ ಸಹಿಸದ ಕಾಕಾ ಅದಕ್ಕೆ ಎಣ್ಣೆ ಸವರಿ ಡಬ್ಬಿಗಿಟ್ಟರು, ಅಷ್ಟೇ. ಕಾಕು ಮಾತ್ರ ಕೊರಗಿದರು. "ಅವ್ರ ಜೀವದಂಥ ಕತ್ತಿ ಕೆಡಿಸಿದೆ" ಎಂದು ನನ್ನ ಮುಂದೆ ಎಷ್ಟು ಸಲ ಅಂದರೋ. ಕಾಕಾನ ಮುಂದೆ ಆ ಮಾತು ತೆಗೆಯುವ ಧೈರ್ಯ ಅವರಿಗಿರಲಿಲ್ಲ. ಕಾಕಾನೂ ತಾವಾಗಿ ಏನೂ ಹೇಳುವ ಪೈಕಿಯವರಲ್ಲ. ಉಳಿದಂತೆ ಅವರ ದಿನಗಳು ಸುಖವಾಗಿಯೇ ಹೋದವು. ಬೆಳಿಗ್ಗೆ ಚಟ್‌ಪಟ್, ಸಂಜೆ ಇಬ್ಬರೂ ಗ್ಯಾಲರಿಯಲ್ಲಿ ಕುಳಿತು ಶೇಂಗಾ ಸುಲಿಯುವುದು, ನನ್ನನ್ನು ಕರೆದು ಕಾಡುವುದು.

ಎಂಟು ವರ್ಷದ ಮೇಲೆ ಒಂದು ಬೆಳಿಗ್ಗೆ ನನಗೆ ತಡವಾಗಿ ಎಚ್ಚರವಾಯಿತು. ಸದ್ದೇ ಕೇಳಿರಲಿಲ್ಲ. ಕೆಳಗೆ ಓಡಿದೆ. ಕಾಕಾ ನಿದ್ದೆಯಲ್ಲೇ ಹೋಗಿದ್ದರು. ಗಡ್ಡ ಬೆಳೆದ ಅವರ ಮುಖವನ್ನು ನಾನು ನೋಡಿದ್ದು ಅದೊಂದೇ ಸಲ.

ದಿನಕರ್ಮಗಳು ಮುಗಿದ ಮೇಲೆ ಔರಂಗಾಬಾದಿನಲ್ಲಿದ್ದ ಮಗ ಕತ್ತಿಗಳನ್ನು ಹರವಿಕೊಂಡು ಕುಳಿತ. ಕಾಕು ಜರ್ಮನಿಯದನ್ನು ಅವನ ಕೈಗೆ ಕೊಟ್ಟು, "ಇದೊಂದು ತಿಕ್ಕಿ ಸಾಫ್ ಮಾಡಪ್ಪ. ನಾ ಕೆಡಿಸಿದ್ದು. ಅವ್ರು ಹೋದ ಮ್ಯಾಲಾದ್ರೂ ಚೊಕ್ಕ ಆಗಲಿ" ಎಂದರು. ಅವನು ಪಾಲಿಶ್ ಬಟ್ಟೆ ತೆಗೆದುಕೊಂಡ. ಡಬ್ಬಿಯಿಂದ ಚೀಟಿ ಜಾರಿತು. ನನ್ನ ಕಡೆ ಚಾಚಿ, "ಅಕ್ಕಾ, ಹೇ ಕಾಯ್ ಆಹೆ? ಏನದ ಇದು, ಓದ್ರಿ ಜರಾ" ಎಂದ.

ನಾನು ಓದಿದೆ.

"ಜರ್ಮನಿಯ ಕತ್ತಿ. ಮನ್ಮಾಡಿನಲ್ಲಿ ಸಿಕ್ಕಿದ್ದು. ಉಕ್ಕು ಉತ್ತಮ. ಈ ಗುರುತಿನವರು ಕೂಸುಗಳನ್ನೂ ಬಿಡಲಿಲ್ಲ. ಮೇಲಿನ ಕಲೆ ತುಕ್ಕಲ್ಲ, ನನ್ನ ಹೆಂಡತಿಯ ಕುಂಕುಮ. ಆ ಕೂಸುಗಳ ಸಲುವಾಗಿ ಇಟ್ಟದ್ದು. ನನ್ನ ಹತ್ತಿರ ಇರುವುದರಲ್ಲಿ ಇದೇ ದೊಡ್ಡದು. ಯಾರೂ ತಿಕ್ಕಬಾರದು."

ಮಗ ಬಟ್ಟೆ ಕೆಳಗಿಟ್ಟ. ಇಂದು ಆ ನಲವತ್ತೊಂದೂ ನನ್ನ ಮನೆಯಲ್ಲಿವೆ, ಗಡ್ಡವಿಲ್ಲದ ನನ್ನ ಹತ್ತಿರ. ಪ್ರತಿ ಚೀಟಿಯ ಕೆಳಗೂ ಮರಾಠಿಯಲ್ಲಿ, ಹಿಂದಿಯಲ್ಲಿ ಬರೆದಿಟ್ಟಿದ್ದೇನೆ. ಆದರೆ ಅಂದು ನಾನು ಓದಿ ಮುಗಿಸಿದಾಗ ಕಾಕು ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬಾರದಿದ್ದರೂ ಬೆಳಕಿಗೆ ಹಿಡಿದು ನೋಡಿದರು.

"ಹಂಗಂತ ಬರದಾರೇನು?" ಎಂದರು. "ಇನ್ನೊಮ್ಮಿ ಓದ ಯವ್ವಾ."