ಕೋಳಿಯಮ್ಮನ ದನಿ

ಅವನು ನಾಟಕದ ಕಂಪನಿ ಸೇರಿದ್ದು ರಾಜನಾಗಬೇಕೆಂದು. ಹೆಣ್ಣು ನೋಡಲು ಬಂದಾಗ ಹಾಗಂತ ಕೊಚ್ಚಿಕೊಂಡಿದ್ದ, ಅವಳು ನಂಬಿಯೂ ಇದ್ದಳು. ಆದರೆ ರಾಜನ ವೇಷದಲ್ಲಿ ಬಂದರೂ ಜನ ನಕ್ಕರು. ಕಿರೀಟ ಜಾರಿ ಕಿವಿಗಳ ಮೇಲೆ ಕೂತಿತ್ತು. ಅಲ್ಲಿಂದಾಚೆಗೆ ಕುಡುಕ, ಕಳ್ಳ, ಕಿವುಡ ಮಾವ, ಇಂಥವೇ ಅವನ ಪಾಲಿಗೆ ಬಂದವು. ಹಲ್ಲು ಉದುರಿದ ಮೇಲೆ ಅವೂ ಇಲ್ಲ. ಆಗ ಕಾರ್ಟೂನಿಗೆ ದನಿ ಕೊಡಿಸುವ ಸ್ಟುಡಿಯೋದವರು ಕರೆದರು. ಕತ್ತೆ, ಕರಡಿ, ಕೆಟ್ಟು ನಿಂತ ಲಾರಿ, ಎಲ್ಲಕ್ಕೂ ಇವನೇ.

"ನನ್ನ ಮುಖಕ್ಕೆ ತಕ್ಕ ಕೆಲಸ ಸಿಕ್ತು ಕಣೇ. ಮುಖಾನೇ ತೋರಿಸೋ ಹಾಗಿಲ್ಲ," ಎಂದ.

ಹೆಸರು ತಂದದ್ದು ಮಾತ್ರ ಒಂದು ಕೋಳಿ. ಬೆಳಗಾದರೆ ಹುಂಜನನ್ನು ಬೈಯಲು ಶುರು ಮಾಡುವ ಕೋಳಿಯಮ್ಮ. ಬೀದಿಯ ಮಕ್ಕಳು ಟಿ.ವಿ. ಮುಂದೆ ಬಿದ್ದು ಬಿದ್ದು ನಗುತ್ತಿದ್ದವು. ಅವಳೂ ನಗುತ್ತಿದ್ದಳು.

"ಎಂಥ ಬಜಾರಿ ರೀ ಇವಳು! ಪಾಪ, ಆ ಹುಂಜ ಹೇಗೆ ಬಾಳ್ತಾನೋ!"

"ಅಭ್ಯಾಸ ಆಗಿರುತ್ತೆ ಬಿಡೇ," ಎಂದ, ತಟ್ಟೆಯಿಂದ ತಲೆ ಎತ್ತದೆ.

ಅವನು ಯಾರ ಬೈಗುಳ ಕದ್ದು ಕೋಳಿಗೆ ಕೊಟ್ಟಿದ್ದಾನೆಂದು ಪಕ್ಕದ ಮನೆಯವಳಿಗೆ ಗೊತ್ತಿತ್ತು, ಹಾಲಿನವನಿಗೆ ಗೊತ್ತಿತ್ತು, ಹೆತ್ತ ಮಗಳಿಗೂ ಗೊತ್ತಿತ್ತು. ಈ ಪುಣ್ಯಾತ್ಗಿತ್ತಿಗೊಬ್ಬಳಿಗೆ ಗೊತ್ತಿರಲಿಲ್ಲ.

ಆಮೇಲೆ ಅವನ ಗಂಟಲಲ್ಲಿ ಗಡ್ಡೆ ಬಂತು. ಕೊಯ್ದು ತೆಗೆದರು. ದನಿಯೂ ಅದರ ಜೊತೆ ಹೋಯಿತು, ಬರೀ ಗಾಳಿ ಉಳಿಯಿತು. ಸ್ಟುಡಿಯೋದವರು ಬೇರೆ ಜನ ಹುಡುಕತೊಡಗಿದರು. ಅವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಕತ್ತೆ, ಕರಡಿ ಯಾರಿಗಾದರೂ ಹೋಗಲಿ, ಕೋಳಿಯನ್ನು ಮಾತ್ರ ಕೊಡುವುದಿಲ್ಲ ಎಂದು ಪಿಸುಗುಟ್ಟಿದ. ಊಟವನ್ನೂ ಬಿಟ್ಟ.

ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುವವನು ಅವನನ್ನು ನೋಡಲು ಮನೆಗೆ ಬಂದಿದ್ದ. ಅವಳು ತಟ್ಟೆ ಹಿಡಿದು ನಿಂತಿದ್ದಳು.

"ಏಳ್ರೀ ಮೇಲೆ! ಆ ಗೋಡೆ ಬಂದು ಬಾಯಿಗೆ ತುತ್ತು ಇಡುತ್ತಾ?"

ಬಂದವನು ಕುರ್ಚಿಯಿಂದ ಎದ್ದೇಬಿಟ್ಟ. "ಅಮ್ಮಾ, ಕೋಳಿ ಸಿಕ್ತು! ನೀವೇ!"

"ಯಾರನ್ನಯ್ಯಾ ಕೋಳಿ ಅಂತಿರೋದು?"

ಹಾಸಿಗೆಯಲ್ಲಿದ್ದವನ ಭುಜ ಕುಲುಕುತ್ತಿತ್ತು. ದನಿಯಿಲ್ಲದೆ ನಗುತ್ತಿದ್ದ. ಇಷ್ಟು ವರ್ಷ ತಾನು ಬಿದ್ದು ಬಿದ್ದು ನಕ್ಕದ್ದು ಯಾರನ್ನು ನೋಡಿ ಎಂಬುದು ಅವಳಿಗೆ ಆಗ ಹೊಳೆಯಿತು. ತಟ್ಟೆ ಕುಕ್ಕಿ ಒಳಗೆ ಹೋದಳು. ಆದರೂ ಅವತ್ತು ಅವನು ಎದ್ದು ಊಟ ಮಾಡಿದನಲ್ಲ ಎಂದು ಸ್ಟುಡಿಯೋಗೆ ಬರಲು ಒಪ್ಪಿಕೊಂಡಳು.

ಮೈಕಿನ ಮುಂದೆ ಮದುವೆ ಫೋಟೋಗೆ ನಿಂತ ಹಾಗೆ ನಿಂತಳು. ಓದು ಅಷ್ಟಕ್ಕಷ್ಟೇ. ಅಕ್ಷರ ಕೂಡಿಸಿ ಕೂಡಿಸಿ ಬೈದಳು.

"ಕೋಳಿಗೆ ಜ್ವರ ಬಂದ ಹಾಗಿದೆ," ಎಂದ ನಿರ್ದೇಶಕ.

ಗಾಜಿನ ಆಚೆ ಕೂತಿದ್ದ ಗಂಡ ಕತ್ತಿನ ಮಫ್ಲರ್ ಬಿಚ್ಚಿ ಬಿಸಾಡಿದ. ಡಾಕ್ಟರು ಬೇಡವೆಂದಿದ್ದ ತಣ್ಣೀರಿನ ಬಾಟಲಿ ತೆಗೆದು, ಅವಳನ್ನೇ ನೋಡುತ್ತ ಬಾಯಿಗೆತ್ತಿದ.

"ಕೆಳಗಿಡ್ರೀ ಅದನ್ನ! ಮತ್ತೆ ಆಸ್ಪತ್ರೆ ಸೇರೋ ಆಸೇನಾ?"

ರೆಕಾರ್ಡ್ ಮಾಡುವವನು ತಡಮಾಡದೆ ಹೆಡ್‌ಫೋನಿನಲ್ಲಿ ಕೋಳಿಯ ಮಾತು ಹೇಳಿಕೊಟ್ಟ. ಅವಳು ಅದೇ ಬಿಸಿಯಲ್ಲಿ ಬೈದು ಮುಗಿಸಿದಳು. ಮುಂದೆ ಅದೇ ಪದ್ಧತಿಯಾಯಿತು. ಅವನು ಗಾಜಿನಾಚೆ ಕೂತು ಕೆಣಕಬೇಕು, ಇವಳು ಬೈಯಬೇಕು. ಒಂದು ದಿನ ಅಂಗಿ ತಿರುವುಮುರುವು ಹಾಕಿಕೊಂಡು ಬಂದ. ಇನ್ನೊಂದು ದಿನ ಅವಳ ಹೊಸ ಚಪ್ಪಲಿ ಮೆಟ್ಟಿ ಓಡಾಡಿದ. ಮನೆಯಲ್ಲಿ ಪುಕ್ಕಟೆ ಸಿಗುತ್ತಿದ್ದ ಬೈಗುಳಕ್ಕೆ ಈಗ ಕಾರು ಕಳಿಸುತ್ತಿದ್ದರು.

ಅವನು ಹೋದ. ಒಂದು ಮಧ್ಯಾಹ್ನ ಕಣ್ಣು ಮುಚ್ಚಿ ಮಲಗಿದವನು ಮತ್ತೆ ಏಳಲಿಲ್ಲ.

ಕೋಳಿ ಬೇರೆಯವರ ಪಾಲಾಗಬಾರದೆಂದು ಅವಳು ಮತ್ತೆ ಸ್ಟುಡಿಯೋಗೆ ಹೋದಳು. ಗಾಜಿನಾಚೆ ಕುರ್ಚಿ ಖಾಲಿ. ಮಾತು ಬಂತು, ಸಿಟ್ಟು ಬರಲಿಲ್ಲ. ನಿರ್ದೇಶಕ ಗಡಿಯಾರ ನೋಡಿದ, ಬೇರೆಯವರಿಗೆ ಹೇಳಿಕಳಿಸುವ ಮಾತೆತ್ತಿದ.

ಪರದೆಯ ಮೇಲೆ ಹುಂಜ ಹೇಳದೆ ಮನೆ ಬಿಟ್ಟು ಹೋಗಿತ್ತು. ಕೋಳಿ ಕೊಕ್ಕು ತೆರೆಯಿತು. ಅವಳು ಕುರ್ಚಿಯನ್ನು ನೋಡಿದಳು.

"ಹೇಳದೆ ಕೇಳದೆ ಎದ್ದು ಹೋಗೋದಾ? ಮನೇಲಿ ಒಬ್ಬಳಿದ್ದಾಳೆ ಅನ್ನೋ ಖಬರಾದ್ರೂ ಬೇಡ್ವಾ? ನಾನಿನ್ನು ಯಾರನ್ನ ಬೈಲಿ?"

ಕೋಳಿಯ ಕೊಕ್ಕು ಮುಚ್ಚಿತು. ಅವಳ ಬಾಯಿ ಮುಚ್ಚಲಿಲ್ಲ. ಯಾರೂ ತಡೆಯಲಿಲ್ಲ.

ಕೊನೆಗೆ ರೆಕಾರ್ಡ್ ಮಾಡುವವನು ಮೆಲ್ಲಗೆ ಹೇಳಿದ: "ಸಿಟ್ಟು ಸರಿಯಾಗಿ ಬಂತಮ್ಮ. ಕೋಳಿ ಸುಮ್ಮನಾದ್ರೂ ನೀವು ಸುಮ್ಮನಾಗ್ಲಿಲ್ಲ, ಅಷ್ಟೇ. ಇನ್ನೊಂದ್ಸಲ ಆಗುತ್ತಾ?"

"ಹಾಕಪ್ಪ," ಎಂದಳು ಮೂಗು ಒರೆಸಿಕೊಂಡು. "ಬೈಯೋದು ಇನ್ನೂ ಬೇಕಾದಷ್ಟಿದೆ."