ತುಂಗತ್ತಿ ಕಲಿತ ಇಂಗ್ಲಿಷು

ಚರ್ಮದ ಹೊದಿಕೆಯ ಹಳೆಯ ಪುಸ್ತಕವನ್ನು ಬಿಸಿಲಿಗೆ ಇಟ್ಟರೆ ಒಂದು ವಾಸನೆ ಬರುತ್ತದೆ. ಸ್ವಲ್ಪ ಎಣ್ಣೆ, ಸ್ವಲ್ಪ ಧೂಳು, ಸ್ವಲ್ಪ ದನದ ಮೈಯದು. ಬೇರೆಯವರಿಗೆ ಅದು ಲೈಬ್ರರಿಯ ವಾಸನೆ. ನನಗೆ ಮಾತ್ರ, ಎಂಬತ್ತು ದಾಟಿದ ಮೇಲೂ, ಅದು ಮೂಗಿಗೆ ತಗುಲಿದೊಡನೆ ಹೆದರಿ ತಿರುಗಿ ನೋಡುವಂತಾಗುತ್ತದೆ, ಯಾರೋ ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಂತ ಹಾಗೆ. ಸಿಲ್ಲಿ ಎನ್ನಬಹುದು ನೀವು. ಆದರೆ ನಿಮ್ಮ ಬಾಲ್ಯದಲ್ಲೂ ಇಂಥದೊಂದು ವಾಸನೆ ಇದ್ದೀತು.

ಪುಣೆಯ ಶನಿವಾರ ಪೇಠೆಯ ವಾಡೆಯೊಂದರಲ್ಲಿ ಕೆಳಗಿನ ಮೂರು ಖೋಲಿ ನಮ್ಮವು. ಅಪ್ಪ ಧಾರವಾಡದಿಂದ ಬಂದು ದಂಡಿನವರ ಕ್ಯಾಂಪಿನ ಆಫೀಸೊಂದರಲ್ಲಿ ಕ್ಲಾರ್ಕ್ ಆಗಿದ್ದ. ಸಾಹೇಬನ ಮಾತಿಗೆ ಕಟ್ಟುಬಿದ್ದು ನನ್ನನ್ನು ಕಾನ್ವೆಂಟಿಗೆ ಹಾಕಿದ್ದ. ಅವ್ವ ನಾನು ಕೂಸಿದ್ದಾಗಲೇ ತೀರಿಕೊಂಡಿದ್ದಳು. ಮನೆ ನಡೆಸುವವಳು ಅಪ್ಪನ ತಾಯಿ, ನನ್ನ ಅಜ್ಜಿ. ಅಡಿಗೆ ಮಾಡುವವಳು ಅಪ್ಪನ ತಂಗಿ ತುಂಗತ್ತಿ. ಹದಿನಾರಕ್ಕೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತವರಿಗೆ ಬಂದವಳು. ಆಗ ಅವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ನನ್ನ ಶಾಲೆಗೆ ಅಜ್ಜಿ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಫ್ರಾಕು ಹಿತ್ತಲಲ್ಲೇ ಕಳಚಬೇಕು, ಮೈಮೇಲೆ ನೀರು ಹಾಕಿಕೊಂಡೇ ಒಳಗೆ ಬರಬೇಕು, ಚರ್ಮದ ಬೆನ್ನಿನ ಆ ಇಂಗ್ಲಿಷ್ ರೀಡರ್ ಹಿತ್ತಲ ಕಟ್ಟೆ ದಾಟಿ ಒಳಗೆ ಬರಕೂಡದು. ಮಡಿಯಲ್ಲಿರುವ ತುಂಗತ್ತಿಯಂತೂ ಅದನ್ನು ಮುಟ್ಟುವ ಮಾತೇ ಇಲ್ಲ.

ಮುಟ್ಟದೆಯೇ ಅವಳು ಇಂಗ್ಲಿಷು ಕಲಿತಳು. ಅಜ್ಜಿ ಪುರಾಣಕ್ಕೆ ಹೋದ ಮಧ್ಯಾಹ್ನ ನಾನು ಕಟ್ಟೆಯ ಮೇಲೆ ರೀಡರನ್ನು ಅವಳ ಕಡೆಗೆ ತೆರೆದು ಹಿಡಿಯುವುದು. ಅವಳು ಅಡಿಗೆಮನೆಯ ಹೊಸ್ತಿಲ ಒಳಗೆ ಕೂತು, ಕಣ್ಣು ಕಿರಿದು ಮಾಡಿ ಓದುತ್ತ, ಇದ್ದಲಿಯಿಂದ ನೆಲದ ಮೇಲೆ ಬರೆಯುವುದು, ಬರೆದದ್ದನ್ನು ಒದ್ದೆ ಅರಿವೆಯಿಂದ ಒರೆಸುವುದು. ಹಾಳೆ ತಿರುವುವ ಕೆಲಸ ನನ್ನದು, ಬಾಗಿಲ ಸದ್ದಿಗೆ ಕಿವಿ ಕೊಡುವ ಕೆಲಸವೂ ನನ್ನದೇ. ವಾಡೆಯ ದೊಡ್ಡ ಬಾಗಿಲು ಕಿರ್ರೆಂದಾಗಲೆಲ್ಲ ನಾನು ಪುಸ್ತಕ ಮುಚ್ಚಿಬಿಡುತ್ತಿದ್ದೆ. ಅವಳಿಗೆ ಮಾತ್ರ ಪ್ರಶ್ನೆಗಳು ಮುಗಿಯುತ್ತಿರಲಿಲ್ಲ.

"ಅಲ್ಲ ಇಂದೂ, ಅಪ್ಪಗೂ ಹಿ, ಟಾಂಗಾದವಗೂ ಹಿ. ಮರ್ಯಾದಿ ಎಲ್ಲಿಡ್ತಾರ ಇವರು?"

"ಗೊತ್ತಿಲ್ಲತ್ತಿ."

"ಸೋದರತ್ತಿನೂ ಆಂಟ್, ಚಿಗವ್ವನೂ ಆಂಟ್. ಭಾಳ ಬಡ ಭಾಷಾ ಬಿಡು. ಆತು, ಐ ಹ್ಯಾವ್ ಅಂದಮ್ಯಾಲೆ ಯಸ್ಟರ್ಡೇ ಯಾಕ ಬರಬಾರದು? ನಿನ್ನೆ ಮಾಡಿದ್ದು ಇವತ್ತೂ ನನ್ನ ಕಡೆನ ಇರ್ತದಲ್ಲ?"

ನಾನು ಬಾಯಿಪಾಠ ಮಾಡಿಕೊಂಡು ಹೋಗಿ ಮರುದಿನ ಕ್ಲಾಸಿನಲ್ಲಿ ಸಿಸ್ಟರನ್ನು ಕೇಳುತ್ತಿದ್ದೆ. ಸಿನ್ಸ್ ಯಾವಾಗ, ಫಾರ್ ಯಾವಾಗ, ಶೀಪ್ ಒಂದಕ್ಕೂ ಹತ್ತಕ್ಕೂ ಅದೇ ಏಕೆ. ಸಿಸ್ಟರ್ ನನ್ನನ್ನು ಬುದ್ಧಿವಂತ ಹುಡುಗಿ ಎಂದು ಮೆಚ್ಚಿ ಏಂಜೆಲ್ ಚಿತ್ರವೊಂದನ್ನು ಕೊಟ್ಟರು. ಸುಳ್ಳು ಹೇಳುವ ಮಕ್ಕಳನ್ನು ಸುಡುವ ಬೆಂಕಿಯ ಬಗ್ಗೆ ಹೇಳಿಕೊಟ್ಟವರೂ ಅವರೇ. ನನ್ನದಲ್ಲದ ಪ್ರಶ್ನೆಗೆ ನಾನು ಪಡೆದ ಆ ಚಿತ್ರವನ್ನು ದಿಂಬಿನ ಕೆಳಗಿಟ್ಟುಕೊಂಡು, ಏಂಜೆಲ್ ಎಲ್ಲವನ್ನೂ ನೋಡುತ್ತಿದೆ ಎಂದು ಹೆದರಿ ಮುದುಡಿ ಮಲಗುತ್ತಿದ್ದೆ.

ಆ ವರ್ಷ ಊರಿನಲ್ಲಿ ಹೆಣ್ಣುಮಕ್ಕಳಿಗೆ ಮಾಸ್ತರಿಕೆ ಕಲಿಸುವ ತರಗತಿ ಸುರುವಾಗುವುದಿತ್ತು. ಇಂಗ್ಲಿಷು ಓದಿ ಉತ್ತರ ಹೇಳಿದರೆ ವಿಧವೆಯರಿಗೂ ಜಾಗ. ಅಪ್ಪ ಗುಟ್ಟಾಗಿ ಫಾರ್ಮು ತಂದು, "ಮೊದಲ ಪಾಸಾಗು ತಂಗಿ, ಆಮ್ಯಾಲೆ ಅವ್ವಗ ನಾ ಹೇಳ್ತೀನಿ" ಎಂದಿದ್ದ. ಪರೀಕ್ಷೆಗೆ ಎಂಟು ದಿನ ಇರುವಾಗ ಅಜ್ಜನ ಶ್ರಾದ್ಧ ಬಂತು. ಬೆಳಗಿನಿಂದ ತುಂಗತ್ತಿ ಒದ್ದೆ ಮಡಿಯಲ್ಲಿ ಅಡಿಗೆಗೆ ನಿಂತಿದ್ದಳು. ಅಜ್ಜಿ ಹೊರಗೆ ಭಟ್ಟರಿಗೆ ಎಲೆ ಒರೆಸಿಡುತ್ತಿದ್ದಳು. ನಾನು ಹಿತ್ತಲಲ್ಲಿ ರೀಡರ್ ಹಿಡಿದು ಕೂತಿದ್ದೆ. "ಆ ಹಡಗಿನ ಕತಿ ಎಲ್ಲಿಗೆ ಬಿಟ್ಟಿದ್ವಿ? ತಿರವು, ಇನ್ನೂ ಹಿಂದಕ್ಕ," ಎನ್ನುತ್ತ ತುಂಗತ್ತಿ ಹೊಸ್ತಿಲಿಗೆ ಬಂದಳು. ನನಗೆ ಹಾಳೆ ಸಿಗಲಿಲ್ಲ. ತಡೆಯಲಾರದೆ ಅವಳು ಬಗ್ಗಿ, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಅಲ್ಲೇ ಕೂತು ಮಡಿಲಲ್ಲಿಟ್ಟು ಓದತೊಡಗಿದಳು. ಎರಡು ಪುಟ, ಗಟ್ಟಿಯಾಗಿ, ಒಂದು ಕಡೆಯೂ ತಡವರಿಸದೆ. ಅಷ್ಟು ಹತ್ತಿರದಿಂದ ಅವಳು ಅಕ್ಷರಗಳನ್ನು ಕಂಡದ್ದು ಅದೇ ಮೊದಲು. ಒಳಗೆ ಪಾಯಸ ಉಕ್ಕಿದ ಸದ್ದಾಯಿತು. ಪುಸ್ತಕ ಕೊಟ್ಟು ಓಡಿದಳು, ಅದೇ ಕೈಯಿಂದ ಸವಟು ಹಿಡಿದಳು. ಮತ್ತೆ ಮೀಯಬೇಕೆಂದು ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ನೀರಿಗೆಂದು ಹಿತ್ತಲಿಗೆ ಬಂದ ಅಜ್ಜಿ ಕಟ್ಟೆಯ ಮೇಲಿದ್ದ ರೀಡರ್ ನೋಡುತ್ತ ನಿಂತಳು. ಕಪ್ಪು ಚರ್ಮದ ಮೇಲೆ ಅಕ್ಕಿಹಿಟ್ಟಿನ ಐದು ಬೆರಳು, ಬೆಳ್ಳಗೆ.

"ನೀ ಅಡಗಿಮನಿಯೊಳಗ ಹೋಗಿದ್ದೇನು?"

ದನಿ ಏರಿಸಿರಲಿಲ್ಲ. ಅಜ್ಜಿಯ ಹಿಂದೆ, ಬಾಗಿಲ ಸಂದಿಯಲ್ಲಿ, ತುಂಗತ್ತಿ ಹಿಟ್ಟಿನ ಕೈ ಎದೆಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ನನಗೆರಡು ಏಟು ಬೀಳುತ್ತಿದ್ದವು, ಹುಡುಗಿ ತಿಳಿಯದೆ ಒಳಗೆ ಹೋಗಿ ಕೈಯಾಡಿಸಿತೆಂದು ಅಡಿಗೆ ಮತ್ತೆ ಮಾಡುತ್ತಿದ್ದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕಣ್ಣ ಮುಂದೆ ಆ ಬೆಂಕಿ ಬಂತು, ಅಜ್ಜಿಯ ಮುಖ ಬಂತು, ಇದ್ದಲ್ಲೇ ಉಚ್ಚೆ ಹೋಯಿತು.

"ನಾ ಹೋಗಿಲ್ಲ. ತುಂಗತ್ತಿ ಪುಸ್ತಕ ತಗೊಂಡಿದ್ಲು."

ಅಡಿಗೆಯೆಲ್ಲ ವಾಡೆಯ ಎಮ್ಮೆಗಳ ಪಾಲಾಯಿತು. ಹೊಸದಾಗಿ ಬೇಯುವ ತನಕ ಭಟ್ಟರು ಕಾದರು; ಅಜ್ಜ ಅಷ್ಟು ಹೊತ್ತು ಹಸಿದಿದ್ದನೆಂದು ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಆ ಅಳುವೂ ಖರೆಯೇ, ಈಗ ತಿಳಿಯುತ್ತದೆ. ಪರೀಕ್ಷೆಯ ದಿನ ಬರುವ ಮೊದಲೇ ತುಂಗತ್ತಿಯನ್ನು ಭೋರ್ ಎಂಬ ಊರಿಗೆ, ಅಪ್ಪನ ಕಾಕಾನ ಮನೆಯ ಅಡಿಗೆಗೆ ಕಳಿಸಿದರು. ಅಪ್ಪ ಬಾಯಿ ಬಿಡಲಿಲ್ಲ. ಹೋಗುವಾಗ ಅವಳು ನನ್ನ ತಲೆ ಸವರಿ, "ಚಂದಾಗಿ ಓದು" ಎಂದಳು, ಅಷ್ಟೇ.

ಎರಡು ವರ್ಷದ ಮೇಲೆ ಬೇಸಿಗೆ ರಜೆಗೆ ಅಪ್ಪ ನನ್ನನ್ನು ಭೋರಿನಲ್ಲಿ ಬಿಟ್ಟು ಹೋದ. ತುಂಗತ್ತಿ ಬಡವಾಗಿದ್ದಳು. ನನಗೀಗ ಹ್ಯಾವ್, ಹ್ಯಾಡ್ ಎಲ್ಲ ನೀರು ಕುಡಿದಷ್ಟು ಸಲೀಸು. ಹೇಳಿಕೊಟ್ಟಾದರೂ ಋಣ ತೀರಿಸೋಣವೆಂದು, "ಏನರೆ ಕೇಳತ್ತಿ" ಎಂದು ಬೆನ್ನು ಹತ್ತಿದೆ.

"ಅವೆಲ್ಲಾ ಮರತು ಹೋದುವವಾ. ಎ, ಬಿ ಸುದ್ದಾ ನೆನಪಿಲ್ಲ," ಎಂದು ನಕ್ಕು ಸೊಪ್ಪು ಸೋಸಿದಳು. ನಾನು ನಂಬಿದೆ. ನಂಬಿ, ಗುಟ್ಟಾಗಿ ಒಂದಿಷ್ಟು ಹಗುರವೂ ಆದೆ.

ಮೂರನೆಯ ದಿನ ಮಧ್ಯಾಹ್ನ, ಅಪ್ಪ ತಂತಿ ಆಫೀಸಿನಿಂದ ಕಳಿಸಿದ ತಾರು ಬಂತು. ಕಾಕಾನಿಗೆ ಮರಾಠಿ ಬಿಟ್ಟರೆ ಬೇರೆ ಅಕ್ಷರ ಬಾರದು. "ಇಂದೂ, ನೋಡ್ ಇಲ್ಲಿ" ಎಂದು ನನ್ನ ಕೈಗೆ ಕೊಟ್ಟ. ನಾನು ಬಿಚ್ಚಿ ಹಿಡಿದೆ. ಮದರ್ ಸೀರಿಯಸ್, ಸ್ಟಾರ್ಟ್ ಅಟ್ ಒನ್ಸ್. ಇನ್ನೂ ತುಟಿ ತೆರೆದಿರಲಿಲ್ಲ, ಹಿಂದೆ ಉಸಿರು ಸಿಕ್ಕಿಕೊಂಡ ಸದ್ದು ಕೇಳಿ ತಿರುಗಿದೆ. ತುಂಗತ್ತಿ ನನ್ನ ಹೆಗಲ ಹಿಂದಿನಿಂದ ಓದಿ ಮುಗಿಸಿ, ಗೋಡೆಗೆ ಕೈಯೂರಿ ನಿಂತಿದ್ದಳು. ಕಣ್ಣು ಆಗಲೇ ತುಂಬಿದ್ದವು.

ತಾನು ಓದಿದ್ದನ್ನು ನಾನು ಕಂಡುಬಿಟ್ಟೆನೆಂದು ಅವಳಿಗೆ ತಿಳಿಯಿತು. ಹಿತ್ತಲಲ್ಲಿ ಅಜ್ಜಿಯ ಎದುರು ನನಗೆ ಆಗಿದ್ದು ಏನೆಂದು ಆಗ ಅವಳ ಮುಖದ ಮೇಲೆ ಕಂಡೆ: ಬಣ್ಣ ಇಳಿದು, ತುಟಿ ಒಣಗಿ, ಎರಡೂ ಕೈ ಸೆರಗಿನೊಳಗೆ ಹೋದವು. ಅಜ್ಜಿಗೆ, ಸಿಸ್ಟರಿಗೆ, ನರಕಕ್ಕೆ ಹೆದರಿಕೊಂಡೇ ಬೆಳೆದವಳು ನಾನು. ನನಗೂ ಒಬ್ಬರು ಹೆದರಬಹುದೆಂದು ಅದುವರೆಗೆ ಗೊತ್ತಿರಲಿಲ್ಲ.

"ಏನ್ ಬರದದವಾ ಅದರಾಗ?" ಎಂದಳು, ನೆಲ ನೋಡುತ್ತ. "ನಮಗೇನ್ ತಿಳೀತದ. ಓದಿ ಹೇಳು."

ನಾನು ಒಂದೊಂದೇ ಶಬ್ದ ಕನ್ನಡ ಮಾಡಿ ಹೇಳಿದೆ. ಕಡೆಯ ತನಕ ತಾಳಿಕೊಂಡು, ಆಮೇಲೆ ಅವಳು ಅತ್ತಳು.