ಜುಬೇದಾ ಆಂಟಿಯ ಗ್ಯಾರೇಜಿನ ಮತಗಟ್ಟೆ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಮತಗಟ್ಟೆ ಒಂದೇ ಒಂದಿತ್ತು: ನಮ್ಮ ಓನರ್ ಜುಬೇದಾ ಆಂಟಿಯ ಗ್ಯಾರೇಜು. ಇಲ್ಲಿ ಚುನಾವಣೆಗೆ ಕೆಲವರು ಗ್ಯಾರೇಜು ಬಿಟ್ಟುಕೊಡುತ್ತಾರೆ. ಮೈಸೂರಿನ ಆಂಟಿ ಒಮ್ಮೆ ಹ್ಞೂಂ ಅಂದವರು ಆ ಮಾತಿಗೇ ಕಟ್ಟುಬಿದ್ದರು. "ಮನೆ ಬಾಗ್ಲಿಗೆ ಬಂದೋರನ್ನ ಬೇಡ ಅನ್ನೋಕಾಗತ್ತೇನಪ್ಪಾ?" ಎಂದು ನನ್ನನ್ನೇ ಗದರುತ್ತಿದ್ದರು. ಶೂ ಬಿಚ್ಚಲು ಗೊಣಗುವ ಮತದಾರರಿಗೂ ಗದರಿಕೆಯೇ, ಇಂಗ್ಲಿಷಿನಲ್ಲಿ.

ಅವರ ಅಕ್ಕ ನೂರ್ ಆಪಾಗೆ ಮಂಡಿನೋವು. ಗ್ಯಾರೇಜಿನ ಮೇಲಿದ್ದ ಆಂಟಿಯ ಮನೆಗೆ ಮೆಟ್ಟಿಲು ಹತ್ತಲಾಗದೆ ಊರಾಚೆಯ ವೃದ್ಧಾಶ್ರಮದಲ್ಲಿ ಒಬ್ಬರೇ ಇದ್ದರು. ಗ್ಯಾರೇಜನ್ನು ಕೋಣೆ ಮಾಡಿಸಿ ಅಕ್ಕನನ್ನು ಕರೆತರಬೇಕೆಂಬುದೇ ಆಂಟಿಯ ಆಸೆ. ಮೇಸ್ತ್ರಿ ಬಂದು ಗೋಡೆ ಅಳೆದ ವಾರವೇ ನಮ್ಮ ಶಾಸಕರು ರಾಜೀನಾಮೆ ಕೊಟ್ಟರು. ವಿಶೇಷ ಚುನಾವಣೆ, ಅಂದರೆ ನಮ್ಮ ಕಡೆಯ ಉಪಚುನಾವಣೆ, ಬಂತು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬೀಳಲಿಲ್ಲ. ಮೊದಲಿಬ್ಬರ ನಡುವೆ ಮರುಸುತ್ತು. ಗೆದ್ದಾತ ನಗರಸಭೆಯ ಸೀಟು ಬಿಟ್ಟು ಬಂದವನು, ಆ ಸೀಟಿಗೆ ಇನ್ನೊಂದು ಚುನಾವಣೆ! ಪ್ರತಿ ಸಲವೂ ಗ್ಯಾರೇಜು ಮತಗಟ್ಟೆಗೆ, ಕೋಣೆಯ ಕೆಲಸ ಮುಂದಕ್ಕೆ. "ಒಂದು ಕುರ್ಚಿಗೆ ಎಷ್ಟು ಸಲ ಮದ್ವೆ ಮಾಡ್ತಾರೆ ಇವ್ರು!" ಎಂದು ಆಂಟಿ ಹಣೆ ಚಚ್ಚಿಕೊಂಡರು.

ಅಷ್ಟರಲ್ಲಿ, ವಿಶೇಷ ಚುನಾವಣೆಗಳನ್ನು ಮಾಮೂಲಿ ಚುನಾವಣೆಯ ದಿನವೇ ನಡೆಸಬೇಕೆಂಬ ಮಸೂದೆ ರಾಜ್ಯದ ಶಾಸನಸಭೆಗೆ ಬಂತು. ಅದರ ಪರ ಮಾತಾಡಲು ಆಂಟಿ ನನಗೆ ರಜೆ ಹಾಕಿಸಿ ರಾಜಧಾನಿ ಸ್ಯಾಕ್ರಮೆಂಟೋಗೆ ಕಾರು ಹೊರಡಿಸಿದರು. ಅಲ್ಲಿ ಜನರ ಅಭಿಪ್ರಾಯ ಕೇಳುವ ಸಭೆಯಲ್ಲಿ ಹೆಸರು, ಪರವೋ ವಿರೋಧವೋ, ಅಷ್ಟೇ ಹೇಳಬೇಕು. ಆಂಟಿ ಅಕ್ಕನ ಎಡ ಮಂಡಿಯಿಂದ ಶುರು ಮಾಡಿದರು. ಬಲ ಮಂಡಿಗೆ ಬರುವಷ್ಟರಲ್ಲಿ ಮೈಕು ಬಂದ್.

ವಾಪಸು ಬರುವಾಗ ಫ್ರೀವೇಯಲ್ಲೇ ಅವರ ತಾಳ್ಮೆ ಕೆಟ್ಟಿತು. "ಆಶ್ರಮದ ಕಡೆ ತಿರುಗ್ಸು, ಅಕ್ಕನ್ನ ಕರ್ಕೊಂಡೇ ಹೋಗೋಣ. ಓಟ್ ಹಾಕೋರು ಹಾಕ್ಕೊಳ್ಲಿ."

ನಗರಸಭೆಯ ಚುನಾವಣೆಯ ದಿನ ಮತಯಂತ್ರದ ಪಕ್ಕದಲ್ಲೇ ಆಪಾರ ಮಂಚ. ಮತಗಟ್ಟೆಯ ಅಧಿಕಾರಿ ನಿಯಮಗಳನ್ನೆಲ್ಲ ತಡಕಾಡಿದರು. ಮಂಚ ಇರಬಾರದೆಂದು ಎಲ್ಲೂ ಇರಲಿಲ್ಲ. ಕೊನೆಗೆ ನಡುವೆ ಒಂದು ಪರದೆ ಕಟ್ಟಿದರು. ಆಪಾ ಪರದೆ ಸರಿಸಿ, ಬಂದವರಿಗೆಲ್ಲ ಸಲಾಂ ಹೇಳಿ, ಮದುವೆಯಾಗಿದೆಯೇ ಎಂದು ವಿಚಾರಿಸಿದರು. ಓಟು ಹಾಕಿದವರು ಹೊರಡಲೇ ಒಲ್ಲರು. ಆಪಾ ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಮಸೂದೆ ಪಾಸಾಯಿತು, ನಡುನಡುವೆ ಚುನಾವಣೆ ಬರುವುದು ನಿಂತಿತು. ನಾನು ರೆಡ್‌ವುಡ್ ಸಿಟಿಗೆ ಮನೆ ಬದಲಿಸುವ ದಿನ ಹೇಳಿ ಬರಲು ಹೋದೆ. ಗ್ಯಾರೇಜು ಚೆಂದದ ಕೋಣೆಯಾಗಿತ್ತು, ಹೊಸ ಬಣ್ಣ, ಹೊಸ ಕಿಟಕಿ. ಆಪಾ ಬಾಗಿಲಿಗೆ ಮುಖ ಮಾಡಿ ಕೂತಿದ್ದರು.

"ಇವತ್ತೂ ಯಾರೂ ಬರಲ್ವಾ?" ಎಂದು ತಂಗಿಯನ್ನು ಕೇಳಿದರು.

ಆಂಟಿ ನನ್ನನ್ನು ಹೊರಗೆ ಕರೆದೊಯ್ದು ದನಿ ತಗ್ಗಿಸಿದರು. "ಆ ಕಾನೂನು ಬೇಡ ಅಂತ ಹೇಳಿ ಬರೋಣ. ಇನ್ನೊಂದ್ಸಲ ಸ್ಯಾಕ್ರಮೆಂಟೋಗೆ ಕರ್ಕೊಂಡ್ ಹೋಗ್ತೀಯೇನಪ್ಪಾ?"